ಕೊನೆಯ ಸ್ಥಾನದಿಂದ ಮೊದಲ ಸ್ಥಾನಕ್ಕೆ: ಸೋನ್ಯಾ ಹೆನಿಯ ಬಾಲ್ಯದ ಸ್ಪರ್ಧೆಗಳು



ಓಟದ ಪಂದ್ಯದಲ್ಲಿ ಗೆದ್ದವರು ಯಾರೆಂಬುದನ್ನು ಗಡಿಯಾರವು ಹೇಳುತ್ತದೆ. ನೆಗೆತದ ಪಂದ್ಯದಲ್ಲಿ ಅಳತೆಯ ಪಟ್ಟಿ ಹೇಳುತ್ತದೆ. ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿದವನು ಸೋತನೆಂಬುದಕ್ಕೆ ಸುತ್ತ ನೆರೆದವರೆಲ್ಲರೂ ಸಾಕ್ಷಿಗಳು. ಆದರೆ ಗಡಿಯಾರಕ್ಕೂ ಅಳತೆಯ ಪಟ್ಟಿಗೂ ಎಟುಕದ ಕೆಲವು ಸ್ಪರ್ಧೆಗಳುಂಟು. ಇಬ್ಬರೂ ಬೀಳದೆ, ಇಬ್ಬರೂ ತಪ್ಪದೆ, ಇಬ್ಬರೂ ಸೊಗಸಾಗಿ ಆಡಿ ಮುಗಿಸಿದ ಮೇಲೆಯೂ, ಯಾರು ಮೇಲೆಂಬುದನ್ನು ಕೆಲವೇ ಮಂದಿ ತೀರ್ಪುಗಾರರು ತಮ್ಮ ಕಣ್ಣನ್ನೂ ಅಭಿರುಚಿಯನ್ನೂ ನಂಬಿ ನಿರ್ಣಯಿಸಬೇಕಾಗುತ್ತದೆ. ಅಂಥ ಸ್ಪರ್ಧೆಗಳಲ್ಲಿ ಮಂಜುಗಡ್ಡೆಯ ಮೇಲಣ ಕಲಾತ್ಮಕ ಜಾರಾಟವು, ಎಂದರೆ ಫಿಗರ್ ಸ್ಕೇಟಿಂಗ್ ಎಂಬುದು, ಬಹು ಮುಖ್ಯವಾದುದು. ಆ ಕಲೆಯಲ್ಲಿ ಲೋಕಪ್ರಸಿದ್ಧಳಾದ ನಾರ್ವೆ ದೇಶದ ಸೋನ್ಯಾ ಹೆನಿಯ ಮೊದಲ ಕೆಲವು ವರ್ಷಗಳ ವೃತ್ತಾಂತವನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಆಕೆಯ ಕೀರ್ತಿಯ ದಿನಗಳನ್ನು ಬಲ್ಲವರು ಬಹಳ ಮಂದಿ. ಆ ಕೀರ್ತಿಗೆ ಅಡಿಗಲ್ಲು ಬಿದ್ದುದು ಹೇಗೆ, ಅದಕ್ಕೆ ತೆತ್ತ ಬೆಲೆಯೇನು, ಮೊದಲ ಕಿರೀಟವು ನ್ಯಾಯವಾಗಿಯೇ ಬಂದಿತೇ ಎಂಬುದನ್ನು ವಿಚಾರಿಸಿದವರು ಕಡಮೆ.

ನಮ್ಮ ನಾಡಿನ ಕೆರೆಗಳು ಹೆಪ್ಪುಗಟ್ಟುವುದಿಲ್ಲ. ಆದುದರಿಂದ ಈ ಆಟದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳುವುದು ಅವಶ್ಯಕ. ಸ್ಕೇಟ್ ಎಂಬುದು ಪಾದರಕ್ಷೆಯ ಅಡಿಗೆ ಜೋಡಿಸಿದ ಉಕ್ಕಿನ ಅಲಗು. ಈ ಅಲಗಿನ ತಳವು ಚಪ್ಪಟೆಯಾದುದಲ್ಲ. ನಡುವೆ ಉದ್ದಕ್ಕೂ ಸಣ್ಣದಾಗಿ ತೋಡಿದ್ದು, ಇಕ್ಕೆಲಗಳಲ್ಲಿ ಎರಡು ಅಂಚುಗಳು ಏರ್ಪಟ್ಟಿರುತ್ತವೆ. ಒಳಗಿನ ಅಂಚಿನ ಮೇಲೆ ದೇಹದ ಭಾರವನ್ನು ಬಿಟ್ಟರೆ ಒಂದು ಕಡೆಗೂ, ಹೊರಗಿನ ಅಂಚಿನ ಮೇಲೆ ಬಿಟ್ಟರೆ ಮತ್ತೊಂದು ಕಡೆಗೂ ದಾರಿ ಬಾಗುತ್ತದೆ. ಈ ಬಾಗನ್ನು ಆಳುವುದೇ ಈ ವಿದ್ಯೆಯ ಮೂಲ.

ಆ ಕಾಲದ ಸ್ಪರ್ಧೆಯಲ್ಲಿ ಎರಡು ಭಾಗಗಳಿದ್ದುವು. ಮೊದಲನೆಯದು ನಿಯತ ಆಕೃತಿಗಳು. ಸ್ಪರ್ಧಿಯು ಒಂದೇ ಕಾಲಿನ ಮೇಲೆ ಜಾರುತ್ತ ಮಂಜುಗಡ್ಡೆಯ ಮೇಲೆ ವೃತ್ತವನ್ನು ಬರೆಯಬೇಕು. ಇನ್ನೊಂದು ಕಾಲಿನಿಂದ ಅದಕ್ಕೆ ತಾಗುವಂತೆ ಎರಡನೆಯ ವೃತ್ತವನ್ನು ಬರೆದು ಇಂಗ್ಲಿಷಿನ ಎಂಟರ ಅಂಕೆಯ ಆಕಾರವನ್ನು ಮುಗಿಸಬೇಕು. ಮತ್ತೆ ಅದೇ ಗೆರೆಯ ಮೇಲೆ ತಪ್ಪದೆ ಸುತ್ತಬೇಕು. ವೃತ್ತದ ನಡುವೆ ಮುಂಬದಿಯಿಂದ ಹಿಂಬದಿಗೆ ತಿರುಗುವ ತಿರುವುಗಳೂ, ಕಿರಿದಾದ ಕುಣಿಕೆಗಳೂ ಸೇರಿದ ಕಠಿಣ ಆಕೃತಿಗಳು ಹಲವಿದ್ದುವು. ಆಟಗಾರ್ತಿ ಸರಿದ ಮೇಲೆ ತೀರ್ಪುಗಾರರು ಬಗ್ಗಿ ನಿಂತು ಗೆರೆಗಳನ್ನು ಪರೀಕ್ಷಿಸುತ್ತಿದ್ದರು. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಚುಕ್ಕಿಯಿಟ್ಟು ರಂಗವಲ್ಲಿಯ ಎಳೆಯನ್ನು ಎಳೆಯುವಾಗ ಬೆರಳಿನಲ್ಲಿರುವ ನಿಗಾ, ಇಲ್ಲಿ ಪಾದದ ಅಂಚಿನಲ್ಲಿರಬೇಕೆಂದರೆ ಈ ವಿದ್ಯೆಯ ಕಷ್ಟವು ತಮಗೆ ತಿಳಿದೀತು. ಒಟ್ಟು ಅಂಕಗಳಲ್ಲಿ ಹೆಚ್ಚಿನ ಪಾಲು ಈ ಭಾಗಕ್ಕೇ ಸಲ್ಲುತ್ತಿತ್ತು. ಎರಡನೆಯ ಭಾಗವು ಸ್ವತಂತ್ರ ಜಾರಾಟ. ಸಂಗೀತಕ್ಕೆ ಹೊಂದುವಂತೆ ನೆಗೆಯುವುದು, ಬುಗುರಿಯಂತೆ ಸುತ್ತುವುದು, ತೇಲುವುದು, ಇವೆಲ್ಲ ಇದರಲ್ಲಿ ಸೇರಿದ್ದುವು. ಪ್ರೇಕ್ಷಕರು ನೋಡಲು ಬರುತ್ತಿದ್ದುದು ಇದನ್ನೇ. ನಿಯತ ಆಕೃತಿಗಳಾದರೋ 1990ರ ತರುವಾಯ ಅಂತಾರಾಷ್ಟ್ರೀಯ ಸ್ಪರ್ಧೆಗಳಿಂದ ಸಂಪೂರ್ಣವಾಗಿ ಮರೆಯಾದುವು.

ಈ ಕ್ಷೇತ್ರಕ್ಕೆ ಹೆಂಗಸರು ಬಂದ ಬಗೆಯೂ ಸ್ವಾರಸ್ಯವಾಗಿದೆ. 1902ರಲ್ಲಿ ಲಂಡನ್ನಿನಲ್ಲಿ ನಡೆದ ವಿಶ್ವಸ್ಪರ್ಧೆಗೆ ಮ್ಯಾಜ್ ಸೈಯರ್ಸ್ ಎಂಬ ಆಂಗ್ಲ ಮಹಿಳೆ ತನ್ನ ಹೆಸರನ್ನು ಕಳುಹಿಸಿದಳು. ಹೆಂಗಸರು ಬರಬಾರದೆಂದು ನಿಯಮಗಳಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬರೆಯಬೇಕಾದ ಪ್ರಸಂಗವೇ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಆಕೆ ಗಂಡಸರೊಡನೆ ಸ್ಪರ್ಧಿಸಿ, ಸ್ವೀಡನ್ನಿನ ಉಲ್ರಿಕ್ ಸಾಲ್ಕೊವ್ ಒಬ್ಬನಿಗೆ ಮಾತ್ರ ಸೋತು ಎರಡನೆಯವಳಾದಳು. ಒಡನೆಯೇ ಹೆಂಗಸರಿಗೆ ಬಾಗಿಲು ಮುಚ್ಚಿತು. ಆದರೆ ಹೆಚ್ಚು ಕಾಲ ಮುಚ್ಚಿರಲಾಗಲಿಲ್ಲ. 1906ರಲ್ಲಿ ಸ್ವಿಟ್ಜರ್ಲೆಂಡಿನ ಡಾವೋಸ್ ನಗರದಲ್ಲಿ ಮಹಿಳೆಯರದೇ ಪ್ರತ್ಯೇಕ ಸ್ಪರ್ಧೆ ಆರಂಭವಾಯಿತು. ಮೊದಲ ವಿಜಯವು ಸೈಯರ್ಸಳದೇ ಆಯಿತು. ಇದಾದ ಆರು ವರ್ಷಗಳಿಗೆ, 1912ನೆಯ ಇಸವಿ ಏಪ್ರಿಲ್ 8ರಂದು, ನಾರ್ವೆಯ ರಾಜಧಾನಿಯಲ್ಲಿ ಸೋನ್ಯಾ ಹೆನಿ ಹುಟ್ಟಿದಳು. ಆ ನಗರಕ್ಕೆ ಆಗ ಕ್ರಿಸ್ಟಿಯಾನಿಯಾ ಎಂದು ಹೆಸರು. 1925ರಿಂದ ಓಸ್ಲೋ ಎಂದಾಯಿತು.

ತಂದೆ ವಿಲ್ಹೆಲ್ಮ್ ಹೆನಿ ತುಪ್ಪುಳಿನ ಉಡುಪುಗಳ ವ್ಯಾಪಾರಿ, ಸಿರಿವಂತ. ಆತನೂ ಹಿಂದೆ ಕ್ರೀಡಾಪಟುವೇ. 1894ರಲ್ಲಿ ಸೈಕಲ್ ಪಂದ್ಯದಲ್ಲಿ ವಿಶ್ವವಿಜೇತನೆನಿಸಿದ್ದನು. ಗೆಲವಿನ ರುಚಿಯನ್ನು ತಾನು ಕಂಡಿದ್ದ ತಂದೆಗೆ ಮಗಳ ಕಾಲಿನಲ್ಲಿ ಏನಿದೆಯೆಂಬುದು ಬೇಗ ತಿಳಿಯಿತು. ಲೀಫ್ ಎಂಬ ಅಣ್ಣನ ಹಿಂದೆ ಹೆಪ್ಪುಗಟ್ಟಿದ ಬಯಲಿಗೆ ಹೋಗಿ ಬೀಳುತ್ತ ಏಳುತ್ತ ಕಲಿತ ಹುಡುಗಿ, ಕೆಲವೇ ವರ್ಷಗಳಲ್ಲಿ ನಗರದ ಬಾಲಕಿಯರಲ್ಲಿ ಮೊದಲಿಗಳಾದಳು. ಹನ್ನೊಂದು ತುಂಬುವ ಮೊದಲೇ ದೊಡ್ಡವರೊಡನೆ ಸ್ಪರ್ಧಿಸಿ ನಾರ್ವೆಯ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆದಳು. ಅಷ್ಟರಿಂದಾಚೆಗೆ ಆ ಮನೆಯ ಗೃಹಕೃತ್ಯವೇ ಬೇರೆಯಾಯಿತು. ಎಲ್ಲಾ ಮಕ್ಕಳು ಹೋಗುವ ಶಾಲೆ ನಿಂತು, ಪಾಠಕ್ಕೆ ಮನೆಯ ಉಪಾಧ್ಯಾಯರು ಬಂದರು. ಜಾರಾಟಕ್ಕೆ ಗುರುಗಳು, ನೃತ್ಯಕ್ಕೆ ಗುರುಗಳು ಏರ್ಪಟ್ಟರು. ಚಳಿಗಾಲದಲ್ಲಿ ಎಲ್ಲಿ ಒಳ್ಳೆಯ ಮಂಜುಗಡ್ಡೆ ಇದೆಯೋ ಅಲ್ಲಿಗೆ ಸಂಸಾರವು ಪ್ರಯಾಣ ಮಾಡಿತು. ಬಡವರ ಮನೆಯ ಹುಡುಗಿಗೆ ಇದೇ ಕಾಲು ಇದೇ ಚಳಕ ಇದ್ದಿದ್ದರೂ ಇಷ್ಟು ನಡೆಯುವಂತಿರಲಿಲ್ಲವೆಂಬುದನ್ನು ನಾವು ಮರೆಯಬಾರದು.

1924ನೆಯ ಇಸವಿ ಜನವರಿ ಕೊನೆಯಲ್ಲಿ ಫ್ರಾನ್ಸಿನ ಶಾಮೊನಿ ಎಂಬ ಬೆಟ್ಟದ ಊರಿನಲ್ಲಿ ಅಂತಾರಾಷ್ಟ್ರೀಯ ಚಳಿಗಾಲದ ಕ್ರೀಡಾವಾರ ನಡೆಯಿತು. ಇದನ್ನೇ ಮುಂದೆ ಮೊದಲನೆಯ ಚಳಿಗಾಲದ ಒಲಿಂಪಿಕ್ ಕ್ರೀಡೋತ್ಸವವೆಂದು ಅಂಗೀಕರಿಸಿದರು. ನಾರ್ವೆಯ ಪರವಾಗಿ ಹನ್ನೊಂದು ವರ್ಷದ ಸೋನ್ಯಾ ಬಂದಳು. ಮಹಿಳೆಯರ ಸ್ಪರ್ಧೆಯಲ್ಲಿ ಎಂಟು ಮಂದಿ. ಉಳಿದವರು ಆ ಕಾಲದ ಮರ್ಯಾದೆಗೆ ತಕ್ಕ ಉದ್ದನೆಯ ಲಂಗಗಳಲ್ಲಿದ್ದರೆ, ಈಕೆ ಮಗುವಾದುದರಿಂದ ಮೊಣಕಾಲಿನವರೆಗಿನ ಗಿಡ್ಡ ಲಂಗದಲ್ಲಿದ್ದಳು. ಸ್ವತಂತ್ರ ಜಾರಾಟದ ನಡುವೆ ಮುಂದೇನು ಮಾಡಬೇಕೆಂಬುದು ಮರೆತಾಗ, ಅಂಗಳದ ಅಂಚಿಗೆ ಜಾರಿಕೊಂಡು ಬಂದು ಗುರುವನ್ನು ಕೇಳಿ ಹೋಗುತ್ತಿದ್ದಳಂತೆ. ಫಲಿತಾಂಶ ಹೊರಬಂದಾಗ ಆಸ್ಟ್ರಿಯಾದ ಹೆರ್ಮಾ ಸಾಬೊ ಮೊದಲನೆಯವಳು. ಅಮೆರಿಕದ ಬಿಯಾಟ್ರಿಕ್ಸ್ ಲೌರನ್ ಎರಡನೆಯವಳು. ಇಂಗ್ಲೆಂಡಿನ ಎಥೆಲ್ ಮಕೆಲ್ಟ್ ಮೂರನೆಯವಳು. ಸೋನ್ಯಾ ಹೆನಿ ಎಂಟನೆಯವಳು, ಎಂದರೆ ಕಟ್ಟಕಡೆಯವಳು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಕೊನೆಯ ಸ್ಥಾನವೆಂಬುದು ಎಲ್ಲರಿಗೂ ಒಂದೇ ಅರ್ಥದ್ದಲ್ಲ. ಇಪ್ಪತ್ತೈದು ವರ್ಷದವರಿಗೆ ಅದು ಆಟದ ಮುಕ್ತಾಯವಾಗಬಹುದು. ಹನ್ನೊಂದು ವರ್ಷದ ಮಗುವಿಗೆ ಅದು ಪಾಠಶಾಲೆ. ಜಗತ್ತಿನಲ್ಲಿ ಶ್ರೇಷ್ಠರೆನಿಸಿದ ಏಳು ಮಂದಿಯನ್ನು ಕೈಯಳತೆಯ ದೂರದಲ್ಲಿ ನೋಡುವ ಅವಕಾಶ ಆಕೆಗೆ ದೊರೆಯಿತು. ತನ್ನ ಗೆರೆ ಎಲ್ಲಿ ಅಲುಗಿತು, ಅವರ ಗೆರೆ ಹೇಗೆ ನಿಂತಿತು ಎಂಬುದನ್ನು ಕಣ್ಣಾರೆ ಕಂಡಳು. ಗಿಡ್ಡ ಲಂಗದ ವಿಷಯವೂ ಹಾಗೆಯೇ. ವಯಸ್ಸಿನ ಕಾರಣದಿಂದ ಬಂದ ಆ ಉಡುಪು ಕಾಲುಗಳಿಗೆ ಸ್ವಾತಂತ್ರ್ಯವನ್ನು ಕೊಟ್ಟಿತು. ನೆಗೆಯಲೂ ಸುತ್ತಲೂ ಅನುಕೂಲವಾಯಿತು. ಮುಂದೆ ದೊಡ್ಡವಳಾದಾಗಲೂ ಆಕೆ ಅದನ್ನು ಬಿಡಲಿಲ್ಲ. ಕೆಲವು ವರ್ಷಗಳಲ್ಲಿ ಗಿಡ್ಡ ಲಂಗವೇ ಎಲ್ಲಾ ಸ್ಪರ್ಧಿಗಳ ಉಡುಪಾಯಿತು.

ಶಾಮೊನಿಯಿಂದ ಹಿಂದಿರುಗಿದ ಮೇಲಣ ಮೂರು ವರ್ಷಗಳು ದುಡಿಮೆಯ ವರ್ಷಗಳು. ದಿನವೂ ಗಂಟೆಗಟ್ಟಲೆ ಅದೇ ವೃತ್ತ, ಅದೇ ತಿರುವು. ಸುಣ್ಣದ ಗೋಡೆಯ ಮೇಲೆ ಕಾಪಿ ಬರೆಯುವ ಬಾಲಕನಂತೆ, ಬೆಳ್ಳನೆಯ ಬಯಲಿನ ಮೇಲೆ ಬರೆದು, ಅಳಿಸಿ, ಮತ್ತೆ ಬರೆಯುವ ಅಭ್ಯಾಸ. 1926ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಜರುಗಿದ ವಿಶ್ವಸ್ಪರ್ಧೆಯಲ್ಲಿ ಹದಿಮೂರು ವರ್ಷದ ಸೋನ್ಯಾ ಎರಡನೆಯ ಸ್ಥಾನಕ್ಕೆ ಬಂದಳು. ಆಕೆಗಿಂತ ಮೇಲೆ ಇದ್ದವಳು ಹೆರ್ಮಾ ಸಾಬೊ ಒಬ್ಬಳೇ.

ಈ ಹೆರ್ಮಾ ಸಾಬೊ ಯಾರೆಂಬುದನ್ನು ಹೇಳದೆ ಮುಂದಿನ ಕಥೆಯನ್ನು ಹೇಳುವುದು ನ್ಯಾಯವಲ್ಲ. ಆಕೆ ವಿಯೆನ್ನಾ ನಗರದವಳು, 1902ರಲ್ಲಿ ಹುಟ್ಟಿದವಳು. ಜಾರಾಟವು ಆ ಮನೆತನದ ವಿದ್ಯೆ. ತಾಯಿ ಕ್ರಿಸ್ಟಾ ಸಾಬೊ ಕೂಡ ಸ್ಪರ್ಧೆಗಳಲ್ಲಿ ಹೆಸರು ಪಡೆದವಳು. ಸೋದರಸಂಬಂಧದ ಎಡ್ವರ್ಡ್ ಎಂಗೆಲ್‌ಮನ್ ಎಂಬಾತನು 1909ರಲ್ಲಿ ವಿಯೆನ್ನಾದಲ್ಲಿ ಯಂತ್ರದ ಮೂಲಕ ನೀರನ್ನು ಹೆಪ್ಪುಗಟ್ಟಿಸುವ ತೆರೆದ ಅಂಗಳವನ್ನು ನಿರ್ಮಿಸಿದವನು. 1922ರಿಂದ 1926ರವರೆಗೆ ಐದು ವರ್ಷ ಎಡೆಬಿಡದೆ ವಿಶ್ವಪ್ರಶಸ್ತಿ ಹೆರ್ಮಾಳದಾಗಿತ್ತು. ನಡುವೆ 1924ರ ಒಲಿಂಪಿಕ್ ಚಿನ್ನದ ಪದಕವೂ ಬಂದಿತ್ತು. ಜೋಡಿ ಜಾರಾಟದಲ್ಲಿಯೂ ಲುಡ್ವಿಗ್ ವ್ರೆಡೆ ಎಂಬವನೊಡನೆ ಆಕೆ ವಿಶ್ವವಿಜೇತೆ. ಎರಡು ಬಗೆಯ ಜಾರಾಟದಲ್ಲಿಯೂ ಏಕಕಾಲದಲ್ಲಿ ಶಿಖರದಲ್ಲಿದ್ದ ಇಂಥ ಕಲಾವಿದೆಯ ಎದುರಿಗೆ ಹದಿನಾಲ್ಕರ ಬಾಲೆ ನಿಂತಳು.

1927ರ ವಿಶ್ವಸ್ಪರ್ಧೆಯು ಓಸ್ಲೋ ನಗರದ ಫ್ರೋಗ್ನರ್ ಕ್ರೀಡಾಂಗಣದಲ್ಲಿ ನಡೆಯಿತು. ಸೋನ್ಯಾ ಆಡಿ ಬೆಳೆದ ಊರು. ಸುತ್ತ ನೆರೆದವರು ತನ್ನವರು. ತೀರ್ಪುಗಾರರು ಐದು ಮಂದಿ. ಅವರಲ್ಲಿ ಮೂವರು ನಾರ್ವೆಯವರು, ಒಬ್ಬನು ಆಸ್ಟ್ರಿಯದವನು, ಮತ್ತೊಬ್ಬನು ಜರ್ಮನಿಯವನು. ಅಂದಿನ ಕ್ರಮದಲ್ಲಿ ಪ್ರತಿಯೊಬ್ಬ ತೀರ್ಪುಗಾರನೂ ಸ್ಪರ್ಧಿಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ಎಣಿಸುತ್ತಿದ್ದನು. ಹೆಚ್ಚು ಮಂದಿ ಯಾರನ್ನು ಮೊದಲನೆಯವರೆಂದರೋ ಅವರಿಗೆ ಜಯ. ನಾರ್ವೆಯ ಮೂವರೂ ಸೋನ್ಯಾಳನ್ನು ಮೊದಲಿಟ್ಟರು. ಆಸ್ಟ್ರಿಯದವನೂ ಜರ್ಮನಿಯವನೂ ಹೆರ್ಮಾಳನ್ನು ಮೊದಲಿಟ್ಟರು. ಮೂರಕ್ಕೆ ಎರಡು. ಹದಿನಾಲ್ಕು ವರ್ಷದ ಹುಡುಗಿ ವಿಶ್ವವಿಜೇತೆಯಾದಳು.

ಜನರು ಹರ್ಷಧ್ವನಿ ಮಾಡಿದರು. ಆದರೆ ಹೊರಗೆ ಆಕ್ಷೇಪಣೆ ಎದ್ದಿತು. ಆ ಮೂವರು ಪಕ್ಷಪಾತಿಗಳೆಂದು ನಾವು ಇಷ್ಟು ಕಾಲದ ಮೇಲೆ ಪ್ರಮಾಣ ಮಾಡುವುದು ಸಲ್ಲದು. ಅವರು ಕಂಡದ್ದನ್ನೇ ಹೇಳಿರಬಹುದು. ಹಾಗೆ ನೋಡಿದರೆ ಆಸ್ಟ್ರಿಯದವನೂ ತನ್ನ ದೇಶದವಳನ್ನೇ ಎತ್ತಿಹಿಡಿದನಲ್ಲವೇ? ಆದರೆ ಪ್ರಶ್ನೆ ಅದಲ್ಲ. ನ್ಯಾಯವು ನಡೆದರೆ ಸಾಲದು, ನಡೆದಂತೆ ಕಾಣಬೇಕೆಂಬುದು ನ್ಯಾಯಸ್ಥಾನಗಳಲ್ಲಿ ಒಪ್ಪಿರುವ ಮಾತು. ಐವರಲ್ಲಿ ಮೂವರು ಒಂದೇ ದೇಶದವರಾಗಿದ್ದು, ಆ ಮೂವರ ಮತದಿಂದಲೇ ಆ ದೇಶದವಳಿಗೆ ಗೆಲವು ಬಂದಾಗ, ತೀರ್ಪು ಎಷ್ಟೇ ಶುದ್ಧವಾಗಿದ್ದರೂ ಶುದ್ಧವಾಗಿ ಕಾಣಲಾರದು. ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ಇದನ್ನು ಮನಗಂಡು, ಒಂದು ಸ್ಪರ್ಧೆಗೆ ಒಂದು ದೇಶದಿಂದ ಒಬ್ಬನೇ ತೀರ್ಪುಗಾರನಿರತಕ್ಕದ್ದೆಂದು ತರುವಾಯ ನಿಯಮ ಮಾಡಿತು. ಆ ನಿಯಮದಿಂದ ಮುಂದಿನವರಿಗೆ ಉಪಕಾರವಾಯಿತು. ಹೆರ್ಮಾ ಸಾಬೊಗೆ ಮಾತ್ರ ಏನೂ ಆಗಲಿಲ್ಲ. ಆಕೆ ಏಕವ್ಯಕ್ತಿ ಸ್ಪರ್ಧೆಗೆ ಮತ್ತೆ ಕಾಲಿಡಲಿಲ್ಲ.

ಇದರಿಂದ ನಷ್ಟವಾದುದು ಸೋತವಳಿಗೆ ಮಾತ್ರವಲ್ಲ, ಗೆದ್ದವಳಿಗೂ ಆಯಿತೆಂದು ನನ್ನ ಅಭಿಪ್ರಾಯ. ತೀರ್ಪುಗಾರರನ್ನು ಆರಿಸಿದವಳು ಆ ಹುಡುಗಿಯಲ್ಲ. ಆಕೆ ತನಗೆ ಬರುವಷ್ಟು ಚೆನ್ನಾಗಿ ಆಡಿದಳು. ಅಷ್ಟೇ ಆಕೆಯ ಕೆಲಸ. ಆದರೂ ದೊಡ್ಡವರು ಮಾಡಿದ ಏರ್ಪಾಟಿನ ಕಲೆ ಆ ಮೊದಲ ಕಿರೀಟಕ್ಕೆ ಅಂಟಿಕೊಂಡಿತು. ಸೋತ ದೊರೆಸಾನಿಯನ್ನು ಮತ್ತೊಮ್ಮೆ ಎದುರಿಸಿ, ಸಂಶಯಕ್ಕೆ ಎಡೆಯಿಲ್ಲದಂತೆ ಗೆಲ್ಲುವ ಅವಕಾಶವೂ ಆಕೆಗೆ ಸಿಕ್ಕಲಿಲ್ಲ.

ಹೀಗಿರುವಾಗ 1928ರ ಫೆಬ್ರವರಿ ಬಂದಿತು. ಒಲಿಂಪಿಕ್ ಕ್ರೀಡೋತ್ಸವವು ಸ್ವಿಟ್ಜರ್ಲೆಂಡಿನ ಸೇಂಟ್ ಮೋರಿಟ್ಸ್‌ನಲ್ಲಿ. ಆ ವರ್ಷ ಹವೆ ಕೈಕೊಟ್ಟಿತು. ಬೆಟ್ಟದ ಬಿಸಿಗಾಳಿ ಬೀಸಿ ಮಂಜುಗಡ್ಡೆ ಕರಗಿತು. ಹತ್ತು ಸಾವಿರ ಮೀಟರುಗಳ ವೇಗದ ಜಾರಾಟವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಮಹಿಳೆಯರ ಕಲಾತ್ಮಕ ಜಾರಾಟಕ್ಕೆ ಇಪ್ಪತ್ತು ಮಂದಿ ಬಂದಿದ್ದರು. ಸೋನ್ಯಾಗೆ ಇನ್ನೂ ಹದಿನಾರು ತುಂಬಿರಲಿಲ್ಲ. ರಷ್ಯದ ಪ್ರಖ್ಯಾತ ನರ್ತಕಿ ಅನ್ನಾ ಪಾವ್ಲೋವಳ ನೃತ್ಯವು ಈ ಹುಡುಗಿಯ ಮನಸ್ಸನ್ನು ಬಹಳವಾಗಿ ಸೆಳೆದಿತ್ತು. ಅದುವರೆಗೆ ಸ್ವತಂತ್ರ ಜಾರಾಟವೆಂದರೆ ಕಲಿತ ಚಮತ್ಕಾರಗಳನ್ನು ಒಂದಾದ ಮೇಲೊಂದು ತೋರಿಸಿ ಮುಗಿಸುವುದಾಗಿತ್ತು. ಸೋನ್ಯಾ ಅವುಗಳನ್ನು ಒಂದೇ ಎಳೆಯಲ್ಲಿ ಪೋಣಿಸಿ, ಆದಿ ಮಧ್ಯ ಅಂತ್ಯಗಳುಳ್ಳ ನೃತ್ಯದ ರೂಪವನ್ನು ಕೊಟ್ಟಳು. ನೆಗೆತವು ಸಂಗೀತದ ಏರಿಗೆ ಹೊಂದಿತು. ಸುತ್ತು ಅದರ ನಿಲುಗಡೆಗೆ ಹೊಂದಿತು.

ಈ ಬಾರಿ ತೀರ್ಪುಗಾರರು ಏಳು ದೇಶಗಳಿಂದ ಬಂದ ಏಳು ಮಂದಿ. ಆರು ಮಂದಿ ಆಕೆಯನ್ನು ಮೊದಲಿಟ್ಟರು. ಆಸ್ಟ್ರಿಯದ ಫ್ರಿಟ್ಸಿ ಬುರ್ಗರ್ ಎರಡನೆಯವಳಾದಳು. ಶಾಮೊನಿಯಲ್ಲಿ ಎರಡನೆಯವಳಾಗಿದ್ದ ಲೌರನ್ ಮೂರನೆಯವಳಾದಳು. ನಾಲ್ಕು ವರ್ಷದ ಹಿಂದೆ ಕಟ್ಟಕಡೆಯಲ್ಲಿದ್ದವಳ ಕೊರಳಿಗೆ ಚಿನ್ನದ ಹೆಮ್ಮೆ ಬಂದಿತು. ಏಕವ್ಯಕ್ತಿ ಸ್ಪರ್ಧೆಯಲ್ಲಿ ಅಷ್ಟು ಚಿಕ್ಕ ವಯಸ್ಸಿನ ಒಲಿಂಪಿಕ್ ವಿಜೇತೆಯನ್ನು ಈ ಕ್ರೀಡೆ ಮತ್ತೆ ಕಾಣಬೇಕಾದರೆ 1998ರವರೆಗೆ, ಎಂದರೆ ಎಪ್ಪತ್ತು ವರ್ಷ, ಕಾಯಬೇಕಾಯಿತು. ಆ ವರ್ಷ ಜಪಾನಿನ ನಗಾನೊದಲ್ಲಿ ಅಮೆರಿಕದ ತಾರಾ ಲಿಪಿನ್ಸ್ಕಿ ಸೋನ್ಯಾಗಿಂತ ಎರಡು ತಿಂಗಳು ಕಿರಿಯಳಾಗಿ ಗೆದ್ದಳು.

ಮುಂದಿನ ಚರಿತ್ರೆ ಎಲ್ಲರೂ ಬಲ್ಲದ್ದು. 1927ರಿಂದ 1936ರವರೆಗೆ ಹತ್ತು ವರ್ಷ ವಿಶ್ವಪ್ರಶಸ್ತಿ ಆಕೆಯ ಕೈ ಬಿಡಲಿಲ್ಲ. 1932ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿಯೂ, 1936ರಲ್ಲಿ ಗಾರ್ಮಿಶ್‌ನಲ್ಲಿಯೂ ಮತ್ತೆ ಒಲಿಂಪಿಕ್ ಚಿನ್ನ. ಆಮೇಲೆ ಹಾಲಿವುಡ್ಡಿನ ಚಲಚ್ಚಿತ್ರಗಳು, ಅಪಾರ ಐಶ್ವರ್ಯ. ಜೊತೆಗೆ ಜರ್ಮನಿಯಲ್ಲಿ ಹಿಟ್ಲರನಿಗೆ ನಾಜಿ ರೀತಿಯ ವಂದನೆ ಸಲ್ಲಿಸಿದುದಕ್ಕೆ ಸ್ವದೇಶದವರಿಂದ ನಿಷ್ಠುರದ ನಿಂದೆ. 1969ರ ಅಕ್ಟೋಬರಿನಲ್ಲಿ, ಪ್ಯಾರಿಸ್ಸಿನಿಂದ ಓಸ್ಲೋಗೆ ಹೋಗುವ ವಿಮಾನದಲ್ಲಿ, ರಕ್ತದ ಕ್ಯಾನ್ಸರಿನಿಂದ ಆಕೆ ಮರಣ ಹೊಂದಿದಳು.

ಒಂದು ಸಣ್ಣ ಸಂಗತಿಯನ್ನು ಮಾತ್ರ ಇಲ್ಲಿ ಹೇಳಬೇಕು. 1932ರ ಲೇಕ್ ಪ್ಲಾಸಿಡ್ ಸ್ಪರ್ಧೆಗೆ ಇಂಗ್ಲೆಂಡಿನಿಂದ ಸಿಸಿಲಿಯಾ ಕಾಲೆಜ್ ಎಂಬ ಹನ್ನೊಂದು ವರ್ಷದ ಹುಡುಗಿ ಬಂದಿದ್ದಳು. ಆಕೆಗೆ ಬಂದದ್ದೂ ಎಂಟನೆಯ ಸ್ಥಾನವೇ. ಶಾಮೊನಿಯ ಮಗು ಈಗ ಸಿಂಹಾಸನದಲ್ಲಿತ್ತು. ಅದೇ ವಯಸ್ಸಿನ ಇನ್ನೊಂದು ಮಗು ಕೆಳಗಿನಿಂದ ಅದನ್ನು ನೋಡುತ್ತಿತ್ತು. ನಾಲ್ಕು ವರ್ಷದ ಬಳಿಕ ಗಾರ್ಮಿಶ್‌ನಲ್ಲಿ ಆ ಸಿಸಿಲಿಯಾ ಸೋನ್ಯಾಳ ಬೆನ್ನಿಗೇ ಬಂದು ಬೆಳ್ಳಿಯ ಪದಕವನ್ನು ಪಡೆದಳು. ಸೋನ್ಯಾ ತೆರೆದ ದಾರಿಯಲ್ಲಿ ಮಕ್ಕಳ ಸಾಲೇ ಬರತೊಡಗಿತು.

ಈ ಸಾಲು ಒಳ್ಳೆಯದೋ ಕೆಟ್ಟದೋ ಎಂಬುದು ಬಹುಕಾಲ ಚರ್ಚೆಯಲ್ಲಿದ್ದ ವಿಷಯ. ಹಗುರಾದ ಮೈ, ಭಯವರಿಯದ ಮನಸ್ಸು, ಇವು ನೆಗೆತಕ್ಕೆ ಅನುಕೂಲ. ಆದರೆ ಎಳೆಯ ಎಲುಬಿಗೆ ಬೀಳುವ ಪೆಟ್ಟು, ಶಾಲೆಯಿಲ್ಲದ ಬಾಲ್ಯ, ತಾಯ್ತಂದೆಗಳ ಆಸೆಯ ಭಾರ, ದೇಶದ ಗೌರವದ ಭಾರ, ಇವನ್ನು ಹೊರುವುದಕ್ಕೆ ಮಗುವಿನ ಹೆಗಲು ತಕ್ಕುದೇ? ಕಡೆಗೆ 2022ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟವು, ಹಿರಿಯರ ಸ್ಪರ್ಧೆಗೆ ಬರುವವರ ಕನಿಷ್ಠ ವಯಸ್ಸನ್ನು ಹದಿನೈದರಿಂದ ಹದಿನೇಳಕ್ಕೆ ಹಂತಹಂತವಾಗಿ ಏರಿಸಲು ಹೆಚ್ಚಿನ ಬಹುಮತದಿಂದ ತೀರ್ಮಾನಿಸಿತು. ಈ ನಿಯಮವು ಅಂದೇ ಇದ್ದಿದ್ದರೆ ಸೋನ್ಯಾಗೆ ಶಾಮೊನಿ ಇಲ್ಲ, ಓಸ್ಲೋ ಇಲ್ಲ, ಸೇಂಟ್ ಮೋರಿಟ್ಸ್ ಇಲ್ಲ. ಆಕೆಯ ಮೊದಲ ವಿಶ್ವಸ್ಪರ್ಧೆ 1930ರದಾಗುತ್ತಿತ್ತು.

ಹಾಗಾಗಿದ್ದರೆ ಲೋಕಕ್ಕೆ ನಷ್ಟವಾಗುತ್ತಿತ್ತೇ? ಪ್ರಶಸ್ತಿಗಳ ಎಣಿಕೆಯಲ್ಲಿ ಮೂರು ನಾಲ್ಕು ಕಡಮೆಯಾಗುತ್ತಿತ್ತು, ಅಷ್ಟೆ. ಹೆರ್ಮಾ ಸಾಬೊ ತನ್ನ ಕಾಲ ಮುಗಿಯುವವರೆಗೆ ಗೌರವದಿಂದ ಆಡಿ, ತಾನಾಗಿ ಕೆಳಗಿಳಿಯುತ್ತಿದ್ದಳೋ ಏನೋ. ಸೋನ್ಯಾಗೆ ಇನ್ನು ಕೆಲವು ವರ್ಷ ಶಾಲೆಯೂ ಸಂಗಡಿಗರೂ ಉಳಿಯುತ್ತಿದ್ದರು. ಆದರೆ ಇನ್ನೊಂದು ಮಾತನ್ನೂ ಒಪ್ಪಬೇಕು. ಶಾಮೊನಿಯ ಎಂಟನೆಯ ಸ್ಥಾನವು ಆ ಮಗುವನ್ನು ಕುಗ್ಗಿಸಲಿಲ್ಲ. ಏಕೆಂದರೆ ಆಗ ಆಕೆಯಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ; ಮರೆತಾಗ ಗುರುವಿನ ಬಳಿಗೆ ಓಡಿ ಬರಲು ಆಕೆಗೆ ಸಂಕೋಚವಿರಲಿಲ್ಲ. ಭಾರ ಬಿದ್ದುದು ಗೆಲವಿನಿಂದ. ಓಸ್ಲೋದ ಮೂರಕ್ಕೆ ಎರಡರ ತೀರ್ಪಿನಿಂದಾಚೆಗೆ, ಪ್ರತಿ ವರ್ಷವೂ ತಾನು ಆ ಸ್ಥಾನಕ್ಕೆ ಅರ್ಹಳೆಂದು ತೋರಿಸಿಕೊಳ್ಳಬೇಕಾದ ಹೊಣೆ ಆಕೆಯ ಮೇಲೆ ಬಂದಿತು.

ಆದುದರಿಂದ ಈ ಚರಿತ್ರೆಯಲ್ಲಿ ನಾವು ಗಮನಿಸಬೇಕಾದುದು ಪದಕಗಳನ್ನಲ್ಲವೆಂದು ತೋರುತ್ತದೆ. ಮಕ್ಕಳನ್ನು ಸ್ಪರ್ಧೆಗೆ ಕಳುಹಿಸುವವರು ದೊಡ್ಡವರು. ನಿಯಮಗಳನ್ನು ಬರೆಯುವವರು ದೊಡ್ಡವರು. ಅಂಕಗಳನ್ನು ಕೊಡುವವರೂ ದೊಡ್ಡವರೇ. ಸಂಗೀತದ ಪರೀಕ್ಷೆಯಾಗಲಿ, ಭಾಷಣದ ಸ್ಪರ್ಧೆಯಾಗಲಿ, ನೃತ್ಯದ ಸ್ಪರ್ಧೆಯಾಗಲಿ, ಕಣ್ಣು ಕಿವಿಗಳೇ ಅಳತೆಗೋಲಾಗಿರುವ ಎಲ್ಲೆಡೆಯೂ ಈ ಮಾತು ಸಲ್ಲುತ್ತದೆ. ಅಳೆಯುವವರು ನಿಷ್ಪಕ್ಷಪಾತಿಗಳಾಗಿರುವುದು ಸೋಲುವ ಮಗುವಿಗೆ ಎಷ್ಟು ಮುಖ್ಯವೋ ಗೆಲ್ಲುವ ಮಗುವಿಗೂ ಅಷ್ಟೇ ಮುಖ್ಯ. ಸೋತ ಮಗುವು ನ್ಯಾಯವಾಗಿ ಸೋತರೆ ನಾಳೆ ಮತ್ತೆ ಏಳುತ್ತದೆ. ಶಾಮೊನಿಯ ಸೋನ್ಯಾ ಎದ್ದಳು. ಗೆದ್ದ ಮಗುವು ಸಂಶಯದ ನಡುವೆ ಗೆದ್ದರೆ, ಅದರ ಸಂತೋಷದಲ್ಲಿ ಅರ್ಧವನ್ನು ನಾವೇ ಕಸಿದುಕೊಂಡಂತೆ. ತಮ್ಮ ಮನೆಯ ಮಕ್ಕಳು ಪಂದ್ಯಗಳಿಗೆ ಹೊರಡುವ ದಿನ ಈ ಎರಡು ಸಂಗತಿಗಳನ್ನು ತಾವು ನೆನೆದರೆ, ದೂರದ ನಾರ್ವೆಯ ಈ ವೃತ್ತಾಂತವನ್ನು ಇಷ್ಟು ಹೊತ್ತು ಕೇಳಿದುದು ವ್ಯರ್ಥವಾಗಲಿಕ್ಕಿಲ್ಲ.